ಬೆಳೆಯದ ಜೇಡಿಮಣ್ಣು

"ನಿನ್ನ ಮದವಿ ಗಟ್ಟಿ ಆಗೇತಂತ. ಅದನ್ನ ಹೇಳಾಕ ಬಂದಿ?"

ಬಳೆ ಸದ್ದಿಗೇ ಶಶಿಧರ ಗುರುತು ಹಿಡಿದಿದ್ದ. ಮುಖ ಮಾತ್ರ ಗೋಡೆಯ ಕಡೆಗಿತ್ತು.

ಪ್ರಮಿಳಾ ಹೊಸ್ತಿಲಲ್ಲೇ ನಿಂತಳು. ಬೆಳಗಾವಿಯಿಂದ ಖಾನಾಪುರದವರೆಗೆ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಬಿಟ್ಟು ಇಷ್ಟೇ ಅಂದಳು:

"ಮನ್ಯಾಗ ಹುಡುಗನ್ನ ನೋಡ್ಯಾರ. ನಾ ಒಲ್ಲೆ ಅಂದೇನಿ."

"ಕುಂದರವಾ," ಎಂದು ಅವನ ತಾಯಿ ಕಾಶವ್ವ ಚಾಪೆ ಹಾಸಿ ಒಳಗೆ ಹೋದಳು.

ಇಬ್ಬರೂ ಬೆಳಗಾವಿಯ ಕಾಲೇಜೊಂದರ ಲ್ಯಾಬಿನಲ್ಲಿ ಜೇಡಿಮಣ್ಣು ಬೆಳೆಸುತ್ತಿದ್ದವರು. ಸಿಲಿಕಾ, ಅಲ್ಯೂಮಿನಾ ಕಲಸಿದ ಲೋಳೆಯನ್ನು ನೀರಿನೊಂದಿಗೆ ಉಕ್ಕಿನ ಪಾತ್ರೆಯಲ್ಲಿ ಬಿಗಿದು ದಿನಗಟ್ಟಲೆ ಕಾಯಿಸಬೇಕು. ನೆಲದಾಳದಲ್ಲಿ ಬಿಸಿನೀರು ಕಲ್ಲನ್ನು ಮಣ್ಣು ಮಾಡುವುದೂ ಹೀಗೆಯೇ. ಲೋಳೆ ಕರಗಿ, ಹಾಳೆಯ ಮೇಲೆ ಹಾಳೆ ಕೂತು, ಹರಳಾಗುತ್ತದೆ. ಓವನ್ ಮುಂದೆ ಕಾಯುತ್ತಾ ಕೂತವರಿಗೆ ಪ್ರೀತಿ ಯಾವಾಗ ಹುಟ್ಟಿತೋ ತಿಳಿಯಲಿಲ್ಲ.

"ಮಣ್ಣು ನೋಡ್ತಿಯೋ, ನನ್ನ ನೋಡ್ತಿಯೋ?" ಎಂದು ಅವಳು ಕೆಣಕಿದರೆ, ಅವನು ಮೈಕ್ರೋಸ್ಕೋಪಿನಿಂದ ಮೆಲ್ಲಗೆ ಕಣ್ಣೆತ್ತಿ, ಅವಳು ನಾಚುವ ತನಕ ಇಳಿಸುತ್ತಿರಲಿಲ್ಲ.

ಮಳೆಗಾಲದ ಒಂದು ಬೆಳಿಗ್ಗೆ ಪಾತ್ರೆಯ ಸವೆದ ಮುಚ್ಚಳ ಸಿಡಿಯಿತು. ಶಶಿಧರನ ಎರಡೂ ಕಣ್ಣು ಹೋದವು. ಆಸ್ಪತ್ರೆಯಿಂದ ಊರಿಗೆ ಬಂದವನು ಅವಳ ಫೋನೇ ಎತ್ತಲಿಲ್ಲ.

"ಇನ್ನೊಂದು ಪಾತ್ರಿ ಓವನ್‌ನ್ಯಾಗ ಉಳದಿತ್ತಲ್ಲ, ತಗದ್ಯಾ?" ಈಗ ಅವನೇ ಕೇಳಿದ.

"ತಗದೆ. ಭಾಳ ಚೊಲೋ ಬೆಳದಾವ. ಆರು ಮೂಲಿ ಹರಳು, ಪುಸ್ತಕದ ಹಾಳಿಗತೆ."

"ಹರಳಾಗಿದ್ರ ಎಕ್ಸ್-ರೇ ಗ್ರಾಫ್‌ನ್ಯಾಗ ಗೆರಿ ಏಳಬೇಕಲ್ಲ, ಎಲ್ಲಿ ಎದ್ದೈತಿ?"

ಅವಳು ಕೈಬಳೆ ತಿರುಗಿಸತೊಡಗಿದಳು.

"ಕಣ್ಣಷ್ಟ ಹೋಗ್ಯಾವ ಪ್ರಮಿಳಾ, ಬುದ್ಧಿ ಹೋಗಿಲ್ಲ. ಕರುಣಾದ ಮ್ಯಾಲ ಸಂಸಾರ ನಡಿಯೂದಿಲ್ಲ. ಹೋಗು."

"ಏನೂ ಬೆಳದಿಲ್ಲ," ಅವಳು ಅಳತೊಡಗಿದಳು. "ಲೋಳಿ ಲೋಳಿಯಾಗೇ ಐತಿ. ನಿನ್ನ ಕಣ್ಣು ಸುಮ್ಮನ ಹೋದ್ವು ಅಂತ ಹೆಂಗ ಹೇಳಲಿ?"

ಒಳಗೆ ಕಾಶವ್ವ ಪಾತ್ರೆ ಸರಿಸುವುದನ್ನು ನಿಲ್ಲಿಸಿದಳು.

"ಹಂಗಾದ್ರ ಇದನ್ನೂ ಖರೇ ಹೇಳು," ಅಂದ ಅವನು, ಮೊದಲ ಸಲ ಅವಳ ಕಡೆ ತಿರುಗಿ. "ನನ್ನ ಮುಖ ಹೆಂಗ ಐತಿ? ಅವ್ವ ಏನೂ ಆಗಿಲ್ಲ ಅಂತಾಳ."

ಅವಳು ಪಕ್ಕಕ್ಕೆ ಬಂದು ಕೂತಳು. ಕಣ್ಣು ಒರೆಸಿಕೊಂಡು ಸರಿಯಾಗಿ ನೋಡಿದಳು.

"ಎಡಗಲ್ಲ ಸುಟ್ಟು ಎಳದೈತಿ. ರೆಪ್ಪಿ ಒಂದಕ್ಕೊಂದು ಕೂಡಿಬಿಟ್ಟಾವ. ನೋಡಾಕ ಭಾಳ ಸಂಕಟ ಆಗತೈತಿ." ಉಸಿರು ಎಳೆದುಕೊಂಡಳು. "ಆದ್ರೂ ದಿನಾ ನೋಡಬೇಕು ಅನಸತೈತಿ. ಹೋದ್ರ ತಿರುಗಿ ಬರಬ್ಯಾಡ ಅಂತ ನಮ್ಮಣ್ಣ ಮನಿ ಬಾಗಿಲಾ ಹಾಕ್ಯಾನ. ಹಂಗೂ ಬಂದೇನಿ."

ಅವನ ಕೈ ಚಾಪೆಯ ಮೇಲೆ ತಡಕಾಡಿತು. ಅವಳು ತನ್ನ ಕೈ ಮುಂದೆ ಚಾಚಲಿಲ್ಲ. ಅವನೇ ಹುಡುಕಲಿ ಎಂದು ಕಾದಳು. ಬೆರಳು ಸಿಕ್ಕವು.

"ಹೋಗಬ್ಯಾಡ," ಅಂದ.