ಭಾಲ್ಕಿ ಮೇಲಿಂದ ಒಂದು ಲೈನ್

ಬೆಳಿಗ್ಗೆ ಒಂಬತ್ತೂವರೆಗೆ ಔರಾದ ಠಾಣೆಗೆ ಬಂದ ದೂರು ಚಿಕ್ಕದಿತ್ತು: ಬೀದರ ರಸ್ತೆ ಬದಿಯ ಫೈಬರ್ ಕೇಬಲನ್ನು ಯಾರೋ ಮತ್ತೆ ಕಡಿದಿದ್ದಾರೆ. ದೂರು ತಂದವನು ಪ್ರವೀಣಕುಮಾರ, ಊರ ಹೊರಗೆ ಏಳುತ್ತಿದ್ದ ಡೇಟಾ ಸೆಂಟರಿನ ಮ್ಯಾನೇಜರ್. ಇದು ಮೂರನೆಯ ಸಲ.

ಇನ್ಸ್‌ಪೆಕ್ಟರ್ ಈಶ್ವರಿ ಎಫ್‌ಐಆರ್ ದಾಖಲಿಸಿ, ಯಾರ ಮೇಲಾದರೂ ಸಂಶಯವಿದೆಯೇ ಎಂದು ಕೇಳಿದರು. ಇಲ್ಲವೆಂದ ಆತ ತನ್ನ ತಾಪತ್ರಯ ತೋಡಿಕೊಂಡ. ಔರಾದದಲ್ಲಿ ಜಾಗ ಅಗ್ಗ. ಆದರೆ ಬೀದರಿನ ದೊಡ್ಡ ನೆಟ್‌ವರ್ಕ್ ಕೇಂದ್ರಕ್ಕೆ ಜೋಡಿಸದಿದ್ದರೆ ಅಷ್ಟು ದೊಡ್ಡ ಕಟ್ಟಡವೂ ಬರೀ ಗೋದಾಮು. ನೇರ ದಾರಿಯ ಲೈನಿಗೆ ಖರ್ಚು ಕಡಿಮೆ, ಭಾಲ್ಕಿ ಮೇಲಿಂದ ಸುತ್ತಿ ತಂದರೆ ದುಪ್ಪಟ್ಟು. ಈಗ ನೇರ ಲೈನಿನ ಪರೀಕ್ಷೆ ನಡೆದಿದೆ. ಹೀಗೇ ಕಡಿಯುತ್ತಿದ್ದರೆ ಹೈದರಾಬಾದಿನ ಕಚೇರಿಯವರು ಭಾಲ್ಕಿ ದಾರಿಯನ್ನೇ ಹಿಡಿಯಬಹುದು.

"ತಾಮ್ರ ಅಂತ ತಿಳ್ಕೊಂಡು ಕಡದಿರಬೇಕ್ರಿ ಮೇಡಮ್," ಎಂದ ಹೆಡ್ ಕಾನ್‌ಸ್ಟೇಬಲ್ ಮಾಣಿಕ. "ಒಳಗ ಗಾಜಿನ ಎಳಿ ನೋಡಿ ಪಾಪ ಕಳ್ಳನೂ ತಲಿ ಚಚ್ಚಿಕೊಂಡಿರ್ತಾನ."

ಕೇಬಲ್ ಕಡಿದಿದ್ದ ಸೇತುವೆ ಬಳಿ ಪಂಚನಾಮೆ ಮಾಡುವಾಗ ಆ ಮಾತು ಬಿದ್ದುಹೋಯಿತು. ಕಡಿದ ಎರಡೂ ತುದಿಗಳಿಗೆ ಕಪ್ಪು ಟೇಪು ಬಿಗಿಯಾಗಿ ಸುತ್ತಿ, ಮೇಲ್ಮುಖ ಮಾಡಿ ಇಟ್ಟಿದ್ದರು. ಹೀಗೆ ಯಾರು ಸುತ್ತುತ್ತಾರೆಂದು ಈಶ್ವರಿ ಕೇಳಿದರು. ಕೇಬಲ್ ಜೋಡಿಸುವವರು ಮಾತ್ರ, ಒಳಗೆ ನೀರು ಹೊಗದಿರಲೆಂದು, ಎಂದ ಪ್ರವೀಣಕುಮಾರ. ಹಾಗೆನ್ನುತ್ತಲೇ ಹೆಸರನ್ನೂ ಹೇಳಿದ. ಈ ಲೈನಿಗೆ ಜೋಡಿಸುವವನು ಒಬ್ಬನೇ: ಬೆಂಜಮಿನ. ಮೂರು ಸಲವೂ, ದುರಸ್ತಿಗೆ ಬಾ ಎಂದು ಕರೆ ಹೋಗುವ ಮೊದಲೇ ಅವನ ಮೊಬೈಲು ಸೇತುವೆಯ ಹತ್ತಿರವಿತ್ತೆಂದು ಟವರಿನ ಮಾಹಿತಿ ಹೇಳಿತು.

ಸೈಟಿನ ಶೆಡ್ಡಿನಿಂದ ಕರೆತಂದಾಗ ಅವನು ತಕರಾರು ಮಾಡಲಿಲ್ಲ.

"ನೀನೇ ಕಡದಿಯೇನು?" ಈಶ್ವರಿ ಕೇಳಿದರು.

"ಹೌದ್ರಿ."

"ಕಡದಾಂವ ಟೇಪ್ ಯಾಕ ಸುತ್ತಿದಿ?"

"ಕೈ ಕೇಳಲಿಲ್ರಿ. ಬಾಯಿ ತೆರದ ಕೇಬಲ್ ಹಂಗ ಬಿಟ್ಟು ಗೊತ್ತಿಲ್ಲ."

ಹೆಂಡತಿ ಜಾಯ್ಸ ಭಾಲ್ಕಿಯಲ್ಲಿ ನರ್ಸು, ಮನೆ ಅಲ್ಲಿನ ಚರ್ಚ್ ಓಣಿಯಲ್ಲಿ. ಅವನದು ಯಾವ ಹೊತ್ತಿಗೆ ಕರೆದರೂ ಓಡಬೇಕಾದ ಕೆಲಸ, ಲೈನ್ ಇದ್ದಲ್ಲೇ ವಾಸ. ಮದುವೆಯಾದಾಗಿನಿಂದ ಲಾತೂರು, ಸೊಲ್ಲಾಪುರ, ಈಗ ಇಲ್ಲಿ. ಭಾಲ್ಕಿಗೆ ಹಾಕಿರೆಂದು ಕೇಳಿದ್ದ. ಅಲ್ಲಿ ಲೈನೇ ಇಲ್ಲವೆಂದಿದ್ದರು.

"ಆಕಿ ರೊಟ್ಟಿ ಬಡಿಯೋ ಸಪ್ಪಳ ಫೋನಿನ್ಯಾಗ ಕೇಳ್ಕೋತ ಉಣ್ತೇನ್ರಿ," ಎಂದ. "ಒಮ್ಮಿ ಆ ಒಲಿ ಮುಂದ ಕುಂತು ಬಿಸಿದು ಉಣ್ಣಬೇಕಂತ ಇತ್ತು."

ಮಾಣಿಕ ಕಿಟಕಿಯ ಕಡೆ ತಿರುಗಿದ. ಬಂಧನದ ಹಾಳೆಗೆ ಸಹಿ ಆಯಿತು. ಕೋರ್ಟಿಗೆ ಹೊರಡುವ ಹೊತ್ತಿಗೆ ಪ್ರವೀಣಕುಮಾರನ ಫೋನು: ಒಂದೇ ದಾರಿ ನೆಚ್ಚಿಕೊಂಡರೆ ಆಗದು, ಖರ್ಚಾದರೂ ಭಾಲ್ಕಿ ಮೇಲಿಂದ ಇನ್ನೊಂದು ಲೈನ್ ಎಳೆಯಿರಿ ಎಂದು ಹೈದರಾಬಾದಿನವರು ಹೇಳಿದ್ದಾರೆ.

ಈಶ್ವರಿ ಅದನ್ನು ಮುಚ್ಚಿಡಲಿಲ್ಲ. ಬೆಂಜಮಿನ ಜೀಪಿನ ಮೆಟ್ಟಿಲ ಮೇಲೆ ಕಾಲಿಟ್ಟವನು ಹಾಗೇ ನಿಂತ.

"ಚರ್ಚ್ ಓಣಿ ಮುಂದಿಂದ ಏನ್ರಿ?"

"ಹೌದಂತ."

"ಅಲ್ಲಿ ನಳದ ಪೈಪ್ ಮ್ಯಾಲೇ ಅದ ರೀ ಮೇಡಮ್. ಯಾರು ಬರ್ತಾರ, ಅವರಿಗಿ ಜರಾ ಆಳಕ್ಕ ಹಾಕಂತ ಹೇಳ್ರಿ."