ನಾಲ್ಕನೆಯ ಲಕೋಟೆ

ಹಳೆಯ ಯುದ್ಧನೌಕೆಯೊಂದು ನಿವೃತ್ತಿಯಾಗುವ ದಿನದ ಅಂಚೆಮುದ್ರೆ ನನ್ನ ಸಂಗ್ರಹಕ್ಕೆ ಬೇಕಿತ್ತು. ಮುದ್ರೆ ಹಾಕಿ ಮರಳಿ ಕಳಿಸಲೆಂದು ನನ್ನದೇ ವಿಳಾಸ ಬರೆದು ಮೂರು ಲಕೋಟೆ ಅಲ್ಲಿಯ ಅಂಚೆಕಚೇರಿಗೆ ಕಳಿಸಿದ್ದೆ. ಮುದ್ರೆ ಸ್ಪಷ್ಟವಾಗಿ ಬೀಳಲೆಂದು ಒಳಗೆ ಹಳೆಯ ಕ್ಯಾಲೆಂಡರಿನ ದಪ್ಪ ತುಂಡು ಇಡುವುದು ನನ್ನ ರೂಢಿ.

ಶನಿವಾರ ಮಧ್ಯಾಹ್ನ ಅಂಚೆಯ ಮಾಲತಿ ಪೊನ್ನಂಪೇಟೆಯ ನಮ್ಮ ಮನೆಗೆ ಬಂದಳು.

“ಟೀಚರೇ, ನಿಮ್ಮ ಹಡಗಿನ ಕಾಗದ. ನಾಲ್ಕುಂಟು.”

“ಮೂರಲ್ವಾ?”

“ನಾಲ್ಕೂ ನಿಮ್ಮದೇ ಅಕ್ಷರ, ನೋಡಿ.”

ಹೌದು. ನನ್ನದೇ ಅಕ್ಷರ, ನನ್ನದೇ ಹಸಿರು ಶಾಯಿ. ನಾಲ್ಕನೆಯದು ಮಾತ್ರ ಫ್ರಿಜ್ಜಿನಿಂದ ತೆಗೆದಂತೆ ತಣ್ಣಗಿತ್ತು. ಒರೆಸಿದಷ್ಟೂ ಅದರ ಮೇಲೆ ಪಸೆ ಮೂಡುತ್ತಿತ್ತು.

ನೌಕಾಪಡೆಯಲ್ಲಿರುವ ತಮ್ಮ ಅಭಿಲಾಷ್ ರಜೆಯಲ್ಲಿ ಬಂದಿದ್ದ. ಸೋಮವಾರ ತನ್ನ ಹಡಗಿಗೆ ಮರಳಬೇಕಿತ್ತು. “ಲೆಕ್ಕದ ಟೀಚರಿಗೇ ಲೆಕ್ಕ ತಪ್ಪಿತಾ ಅಕ್ಕಾ?” ಎಂದು ನಗುತ್ತಾ, ನಾನು ಬೇಡವೆನ್ನುವಷ್ಟರಲ್ಲಿ ಅದನ್ನು ಒಡೆದ. ಒಳಗಿನ ತುಂಡು ನನ್ನ ಮಡಿಲಿಗೆ ಬಿತ್ತು.

ಹಳದಿಗಟ್ಟಿದ ಕ್ಯಾಲೆಂಡರ್ ತುಂಡು. ಈ ವರ್ಷದ ಡಿಸೆಂಬರ್. ಹುತ್ತರಿ ಹಬ್ಬದ ದಿನಕ್ಕೆ ಹಸಿರು ವೃತ್ತ.

ಆ ವೃತ್ತವನ್ನು ನಾನು ಹಾಕಿದ್ದು ಅಂದು ಬೆಳಿಗ್ಗೆ, ಗೋಡೆಯ ಕ್ಯಾಲೆಂಡರಿನಲ್ಲಿ, “ಹುತ್ತರಿಗೆ ಬಂದೇ ಬರ್ತೇನೆ” ಎಂದು ಅವನು ಮಾತು ಕೊಟ್ಟಾಗ. ಎದ್ದು ಹಾಳೆ ತಿರುವಿದೆ. ಡಿಸೆಂಬರ್ ಹರಿಯದೆ ಹಾಗೆಯೇ ಇತ್ತು.

“ಏನುಂಟು ಅದರಲ್ಲಿ?” ಎಂದ ಅಭಿಲಾಷ್.

“ಬರೀ ರಟ್ಟು,” ಎಂದೆ. ಹೋಗಬೇಡ ಎನ್ನಲು ಬಾಯಿ ಬರಲಿಲ್ಲ.

ಸೋಮವಾರ ಅವನು ಬಸ್ಸು ಹತ್ತಿದ. ತುಂಡು ನನ್ನ ಬಳಿಯೇ ಇದೆ. ಅದರಲ್ಲಿ ವೃತ್ತದ ಮೇಲೆ, ಹೊಡೆದುಹಾಕಿದಂತೆ, ಅಡ್ಡಲಾಗಿ ಒಂದು ಹಸಿರು ಗೀಟಿದೆ.

ಗೋಡೆಯ ಕ್ಯಾಲೆಂಡರನ್ನು ದಿನವೂ ನೋಡುತ್ತೇನೆ. ಆ ಗೀಟನ್ನು ನಾನಿನ್ನೂ ಎಳೆದಿಲ್ಲ.