ಆ ಒಂದು ಏರು ಹತ್ತುವ ಟಯರು

ನನ್ನನ್ನು ನೋಡಲು ಬಂದ ಕಾರು ನಮ್ಮ ಮನೆಯ ಏರು ಹತ್ತಲಾಗದೆ ತಿರುಗಿ ಹೋಯಿತು. ಹೇಳಿ, ಇಂಥ ಮರ್ಯಾದೆ ಬೇರೆ ಯಾವ ಹೆಣ್ಣಿಗೆ ಆಗಿದೆ?

ಎಪ್ಪತ್ತೊಂದರ ಮಾತು. ವಂಡ್ಸೆಯಲ್ಲಿ ನಮ್ಮ ಮನೆ ಗುಡ್ಡದ ಮೇಲೆ, ರಸ್ತೆಯಿಂದ ಅಂಗಳದವರೆಗೆ ಕೆಂಪು ಜಲ್ಲಿಯ ಏರು. ಬೊಂಬಾಯಿಯಲ್ಲಿ ಹೋಟೆಲಿಟ್ಟ ಶೇಖರ ಶೆಟ್ಟರು ತಾಯಿಯನ್ನು ಕೂರಿಸಿಕೊಂಡು ಅಮೆರಿಕಾದ ದೊಡ್ಡ ಕಾರಿನಲ್ಲಿ ಬಂದರು. ಎಂಟು ಸಿಲಿಂಡರಂತೆ! ನಾನು ಗೋಳಿಬಜೆ ತಟ್ಟೆ ಹಿಡಿದು ಕಿಟಕಿಯಲ್ಲಿ ನಿಂತಿದ್ದೆ. ಕಾರು ಗುಡುಗಿತು, ಹಿಂದಿನ ಚಕ್ರಗಳು ನಿಂತಲ್ಲೇ ಗಿರಗಿರ ತಿರುಗಿ ಜಲ್ಲಿ ಹಾರಿಸಿದವು. ಆಮೇಲೆ ಜಾರಿ ಜಾರಿ ಗದ್ದೆಯಂಚಿಗೆ ಹೋಯಿತು. "ಶಕುನ ಸಮ ಇಲ್ಲ" ಅಂದರಂತೆ ಅವರ ತಾಯಿ. ಹೊರಟೇಬಿಟ್ಟರು. ನಡೆದು ಬರಲು ಕಾಲಿರಲಿಲ್ಲವಾ? ಸಿಟ್ಟಿನಲ್ಲಿ ಅಷ್ಟೂ ಗೋಳಿಬಜೆ ನಾನೇ ತಿಂದೆ.

ಸಿಟ್ಟು ಬರೀ ಮರ್ಯಾದೆಯದ್ದಲ್ಲ. ಕಾರಿಳಿದು ಟಯರು ನೋಡಿ ತಲೆ ಕೆರೆದುಕೊಂಡ ಆ ಮನುಷ್ಯ ಒಮ್ಮೆ ಕಿಟಕಿಯತ್ತ ನೋಡಿ, ಪೆಚ್ಚಾಗಿ ನಕ್ಕಿದ್ದರು. ನನಗೆ ಅಷ್ಟಕ್ಕೇ ಇಷ್ಟವಾಗಿಬಿಟ್ಟಿತ್ತು.

ನಾನು ಕುಂದಾಪುರಕ್ಕೆ ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದೆ. ಕ್ಲಾಸು ಮಹಡಿಯಲ್ಲಿ, ಕೆಳಗೆ ಪಾಂಡುವಿನ ಟಯರಂಗಡಿ. ಮರುವಾರ ಮೆಟ್ಟಿಲಿಳಿದರೆ, ಅದೇ ಶೇಖರ ಶೆಟ್ಟರು ಎರಡು ಟಯರುಗಳ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ!

"ಹ್ವಾಯ್, ಸ್ವಲ್ಪ ಇಲ್ಕಾಣಿ. ಈ ಎರಡರಾಗೆ ಯಾವ್ದ್ ನೆಲ ಹಿಡಿತ್ತ್?"

ಗುರುತು ಸಿಕ್ಕಿತಾ, ಇಲ್ಲವಾ? ಆ ಮುಖದಲ್ಲಿ ಏನೂ ಗೊತ್ತಾಗಲಿಲ್ಲ.

"ನಂಗೆಂತ ಗೊತ್ತ್? ನಾನ್ ಹೊಲಿಗಿ ಕಲಿಯುವಳ್."

"ಬಟ್ಟಿ ಮುಟ್ಟಿ ಕಾಂಬುದಿಲ್ಯಾ? ಹಾಂಗೇ ಇದನ್ನೂ ಮುಟ್ಟಿ ಕಾಣಿ."

ಮುಟ್ಟಿದೆ. ಒಂದು ಕಲ್ಲಿನಂತೆ ಗಟ್ಟಿ. ಇನ್ನೊಂದು ಗೇಣಿಗಿಂತ ಅಗಲ, ಆಳವಾದ ಗೀರು, ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆದು. "ಇದ್" ಅಂದೆ.

ಪಾಂಡು ಬಾಯಿ ಹಾಕಿದ. "ಅದ್ ಬ್ಯಾಡ ಮಾರಾಯ್ರೆ. ಮೆದು ರಬ್ಬರ್ ಬೇಗ ಸವಿತ್ತ್. ಅಗಲ ಬೇರೆ, ಮಡ್ಗಾರ್ಡಿಗೆ ತಾಗತ್ತ್."

"ಮಡ್ಗಾರ್ಡಿನ ಅಂಚ್ ಬಡ್ದ್ ಮಡ್ಚುವ. ಸವದ್ರೆ ಸವೀಲಿ. ನಂಗೆ ಒಂದ್ ಏರ್ ಹತ್ರೆ ಸಾಕ್."

ಹೇಳುವಾಗ ಅವರ ಕಣ್ಣು ಟಯರಿನ ಮೇಲಿರಲಿಲ್ಲ. ನನ್ನ ಕೆನ್ನೆ ಬಿಸಿಯಾಯಿತು.

ಆದರೆ ಅವರು ಅತ್ತ ಹೋದದ್ದೇ ಪಾಂಡು ಹೇಳಿದ, "ಇವ್ರಿಗೆ ಸಿದ್ದಾಪುರದಾಗೆ ಹೆಣ್ ಕಾಂಬುಕಿತ್ತಂಬ್ರ್. ಅಲ್ಲೂ ಏರ್ ರಸ್ತಿಯೇ."

ಅಯ್ಯೋ ನನ್ನ ಕರ್ಮವೇ! ಬೇರೆ ಹುಡುಗಿಯ ಮನೆ ತಲುಪಲು ನಾನೇ ಟಯರು ಆರಿಸಿಕೊಟ್ಟೆನಾ? ಬಸ್ಸಿನಲ್ಲಿ ಅಳು ಬಂತು. ಮತ್ತೆ ಆ ನೋಟ ನೆನಪಾಯಿತು. ಹಾಗಾದರೆ ಆ ನೋಟ ಯಾಕೆ? ಗುರುತೇ ಇಲ್ಲದಿದ್ದರೆ ನನ್ನನ್ನೇ ಯಾಕೆ ಕೇಳಬೇಕು? ತಲೆ ಕೆಟ್ಟು ಗೊಬ್ಬರವಾಯಿತು. ಆ ವಾರ ರವಿಕೆಗೆ ತೋಳು ತಿರುಗುಮುರುಗಾಗಿ ಹೊಲಿದು ಟೀಚರಿಂದ ಬೈಸಿಕೊಂಡೆ.

ಭಾನುವಾರ ಬೆಳಿಗ್ಗೆ ಕೆಳಗೆ ಅದೇ ಗುಡುಗು ಕೇಳಿತು. ಓಡಿದೆ. ಕಾರು ಈ ಸಲ ಮುಕ್ಕಾಲು ಏರು ಹತ್ತಿ, ಕೊನೆಯ ತಿರುವಿನಲ್ಲಿ ನಿಂತಿತ್ತು. ನಾನಾರಿಸಿದ ಅಗಲದ ಟಯರುಗಳು ಕೆಂಪು ಧೂಳು ಮೆತ್ತಿಕೊಂಡಿದ್ದವು. ಶೇಖರ ಶೆಟ್ಟರು ಒಬ್ಬರೇ.

"ಸಿದ್ದಾಪುರಕ್ಕೆ ಹೋಪ ದಾರಿ ಇದಲ್ಲ" ಅಂದೆ.

"ಸಿದ್ದಾಪುರ ಅಮ್ಮ ಹೇಳದ್. ನಾನ್ ಹೋಪುದಿಲ್ಲ ಅಂದೆ." ಬೆವರೊರೆಸಿಕೊಂಡರು. "ನಿಮ್ಮ ಮಂಜಯ್ಯ ಮಾವನ ಹತ್ರ ಕೇಂಡೆ. ತಿರುಗಿ ಹೋದ ಕಾರೇ ಅಂಗಳಕ್ಕೆ ಬರ್ಲಿ, ಆಮೇಲ್ ಮಾತ್ ಅಂದ್ರ್. ಅಮ್ಮನ ಶಕುನಕ್ಕೂ ಅದೇ ಮದ್ದ್."

ಮಂಜಯ್ಯ ಮಾವ ಅಮ್ಮನ ಅಣ್ಣ, ನಮ್ಮ ಮನೆಯ ಯಜಮಾನ. ನನಗೊಂದು ಮಾತೂ ಹೇಳಿರಲಿಲ್ಲ!

"ಬೊಂಬಾಯಾಗೆ ಟಯರ್ ಸಿಕ್ಕುದಿಲ್ಯಾ?"

"ಸಿಕ್ತ್. ಆದ್ರೆ ಅಲ್ಲಿನ ಅಂಗಡಿ ಮೇಲೆ ಹೊಲಿಗಿ ಕ್ಲಾಸ್ ಇಲ್ಲ."

ನಗು ಬಂತು, ಅಳುವೂ ಬಂತು. ಎರಡನ್ನೂ ತಡೆದು ಕಾರಿನ ಸುತ್ತ ಒಂದು ಸುತ್ತು ಬಂದೆ. ಮುಂದೆ ಅಷ್ಟು ದೊಡ್ಡ ಇಂಜಿನು, ಹಿಂದೆ ಪೂರಾ ಖಾಲಿ. ಟಯರು ಎಷ್ಟು ಅಗಲವಾದರೇನು, ಒತ್ತಲು ಭಾರ ಬೇಡವಾ? ದಾರಿಬದಿ ಬಿದ್ದಿದ್ದ ಮುರಕಲ್ಲುಗಳನ್ನು ಇಬ್ಬರೂ ಸೇರಿ ಡಿಕ್ಕಿಗೆ ತುಂಬಿದೆವು. ಸಾಲದೆಂದು ನಾನೇ ಹಿಂದಿನ ಸೀಟಿನಲ್ಲಿ ಕೂತೆ.

"ಎಂತ ಮಾಡ್ತ್ರಿ?" ಅಂದರು, ಕಣ್ಣು ಬಿಟ್ಟುಕೊಂಡು.

"ಭಾರಕ್ಕೆ ಕೂಕಂಡದ್. ಮೆಲ್ಲ ಒತ್ತಿ. ಎಂಟ್ ಸಿಲಿಂಡರಿನ ಪೌರುಷ ಇಲ್ಲಿ ತೋರ್ಸ್ಬ್ಯಾಡಿ."

ಮೆಲ್ಲ ಒತ್ತಿದರು. ಟಯರು ಒಮ್ಮೆ ಅನುಮಾನಿಸಿ, ಜಲ್ಲಿ ಕಚ್ಚಿ ಹಿಡಿಯಿತು. ಕನ್ನಡಿಯಲ್ಲಿ ಅವರು ನನ್ನನ್ನೇ ನೋಡುತ್ತಿದ್ದರು. "ದಾರಿ ಕಾಣಿ!" ಅಂತ ಗದರಿದೆ.

ಕಾರು ಅಂಗಳದ ನಡುವೆ ನಿಂತಿತು. ಜಗಲಿಯಲ್ಲಿ ಎಲೆಯಡಿಕೆ ಜಗಿಯುತ್ತಿದ್ದ ಮಂಜಯ್ಯ ಮಾವ ಎದ್ದು ಬಂದು ಕಾರು ನೋಡಿದರು, ಹಿಂದಿನ ಸೀಟಿನಲ್ಲಿದ್ದ ನನ್ನನ್ನು ನೋಡಿದರು.

"ಎಂತ ಶೆಟ್ರೆ, ಹೆಣ್ ಕಾಂಬುಕೆ ಬಪ್ಪವ್ರ್ ಹೆಣ್ಣನ್ನೇ ಹಾಕ್ಕಂಡ್ ಬಂದ್ರಿಯಾ?"

ಶೆಟ್ಟರು ಕಾರಿಳಿದು ಮತ್ತೆ ತಲೆ ಕೆರೆದುಕೊಂಡರು.

"ಕಾರ್ ಅಂಗಳಕ್ಕೆ ಬಂತಲೆ ಮಾವ" ಅಂದೆ, ಇಳಿಯುತ್ತ. "ಇನ್ನ್ ಮಾತಾಡಿ."

ಒಳಗೆ ಹೋಗಿ ಬಾಣಲೆಗೆ ಎಣ್ಣೆ ಹಾಕಿದೆ. ಈ ಸಲದ ಗೋಳಿಬಜೆಯಲ್ಲಿ ನಾನು ಒಂದೂ ತಿನ್ನಲಿಲ್ಲ.